ಬರೋದು ಜಾಸ್ತಿ, ಹೋಗೋದು ಕಮ್ಮಿ

ಹಳೇ ಮೋಡೆಮ್ಮಿನ ಆ ಕಿರ್ರ್ ಸದ್ದು ನೆನಪಿದೆಯಾ ವೀಕ್ಷಕರೇ? ನಾನು ನೆಟ್ ಹಾಕಿದೆ ಅಂದ್ರೆ ನಮ್ಮನೆ ಫೋನ್ ಎಂಗೇಜ್. ಊರಿಂದ ಅಜ್ಜಿ ಫೋನ್ ಮಾಡಿ ಮಾಡಿ ಸುಸ್ತು, ಆಮೇಲೆ ಬೈಗುಳ ನನಗೆ. ವೇಗ? ಅಬ್ಬಬ್ಬಾ ಅಂದ್ರೆ ಸೆಕೆಂಡಿಗೆ 56 ಕಿಲೋಬಿಟ್. 2005ರ ಜನವರಿಯಲ್ಲಿ ಬಿಎಸ್‌ಎನ್‌ಎಲ್ ಬ್ರಾಡ್‌ಬ್ಯಾಂಡ್ ಶುರುವಾದಾಗ ನಾನು ಇಂಜಿನಿಯರಿಂಗ್ ಓದ್ತಿದ್ದೆ. ಅದೇ ತಾಮ್ರದ ತಂತಿ. ನೆಟ್ಟೂ ಓಡುತ್ತೆ, ಫೋನೂ ರಿಂಗಾಗುತ್ತೆ! ಹೇಗೆ?

ನಮ್ಮ ಮಾತಿಗೆ ಫೋನ್ ಬಳಸೋದು 300ರಿಂದ 3,400 ಹರ್ಟ್ಸ್ ಮಾತ್ರ. ತಂತಿಯೋ, 10 ಲಕ್ಷ ಹರ್ಟ್ಸ್ ದಾಟಿಯೂ ಸಿಗ್ನಲ್ ಒಯ್ಯಬಲ್ಲದು. ಹತ್ತಾರು ಎಕರೆ ಇಟ್ಟುಕೊಂಡು ಮೂಲೆಯ ಒಂದು ಮಡಿಯಲ್ಲಿ ಸೊಪ್ಪು ಬೆಳೆದ ಹಾಗೆ. ಡಿಎಸ್‌ಎಲ್ ಬಿತ್ತಿದ್ದು ಉಳಿದ ಬೀಳು ಜಾಗದಲ್ಲಿ.

ತೊಡಕಿದ್ದದ್ದು ಬೇರೆ ಕಡೆ. ನೂರಾರು ಮನೆಗಳ ತಂತಿ ಒಂದೇ ಕೇಬಲ್ಲಿನಲ್ಲಿ ಒತ್ತೊತ್ತಾಗಿ ಎಕ್ಸ್‌ಚೇಂಜ್ ಸೇರುತ್ತವೆ. ಮನೆಯಿಂದ ಹೊರಟ ಸಿಗ್ನಲ್ ಕಿಲೋಮೀಟರುಗಟ್ಟಲೆ ಸವೆದು ಅಲ್ಲಿಗೆ ಬರುವಷ್ಟರಲ್ಲಿ ಪಿಸುಮಾತು. ಪಕ್ಕದ ತಂತಿಯಲ್ಲಿ ಎಕ್ಸ್‌ಚೇಂಜಿನಿಂದ ಆಗಷ್ಟೇ ಹೊರಟದ್ದು ಕೂಗು. ಕೂಗಿನ ಮಧ್ಯೆ ಪಿಸುಮಾತು ಕೇಳುತ್ತಾ? ನಮ್ಮ ಪ್ಯಾನೆಲ್ ಚರ್ಚೆ ನೋಡಿದವರಿಗೆ ಇದನ್ನು ವಿವರಿಸಬೇಕಿಲ್ಲ ಬಿಡಿ.

1980ರ ದಶಕದ ಕೊನೆಯ ಹೊತ್ತಿಗೆ ಅಮೆರಿಕದ ಬೆಲ್‌ಕೋರ್ ಸಂಸ್ಥೆಯ ಜೋಸೆಫ್ ಲೆಕ್ಲೈಡರ್ ಕಂಡುಕೊಂಡ ಉಪಾಯ: ಎರಡೂ ಕಡೆಗೆ ಸಮ ವೇಗ ಕೊಡೋ ಹಠ ಬಿಡಿ. ಮನೆಯಿಂದ ಹೋಗೋದಕ್ಕೆ ಕಿರುದಾರಿ, ಮನೆಗೆ ಬರೋದಕ್ಕೆ ಹೆದ್ದಾರಿ. ಎಡಿಎಸ್‌ಎಲ್‌ನ ‘ಎ’ ಅಂದರೆ ಇದೇ, ಅಸಮ. ಸ್ಟ್ಯಾನ್‌ಫರ್ಡಿನ ಜಾನ್ ಚಿಯೋಫಿ ಬೆಳೆಸಿದ ವಿಧಾನದಲ್ಲಿ ಈ ಜಾಗ 256 ಪಟ್ಟೆಗಳಾಯಿತು. ಮೋಡೆಮ್ ಒಂದೊಂದನ್ನೂ ಪರೀಕ್ಷಿಸುತ್ತೆ; ಸ್ವಚ್ಛವಿದ್ದಲ್ಲಿ ಹೆಚ್ಚು ಬಿಟ್, ಗದ್ದಲವಿದ್ದಲ್ಲಿ ಕಡಿಮೆ, ತೀರಾ ಕೆಟ್ಟದ್ದಕ್ಕೆ ಸೊನ್ನೆ. 1993ರಲ್ಲಿ ಬೆಲ್‌ಕೋರ್ ನಡೆಸಿದ ಪರೀಕ್ಷೆಯಲ್ಲಿ ಗೆದ್ದಿದ್ದು ಇದೇ.

ಆದರೆ ಗಮನಿಸಿ, ಆಗ ಫೋನ್ ಕಂಪನಿಗಳಿಗೆ ಬೇಕಿದ್ದದ್ದು ಇಂಟರ್ನೆಟ್ ಅಲ್ಲ, ಟೀವಿ! ಕೇಬಲ್ಲಿನವರಿಗೆ ಪೈಪೋಟಿಯಾಗಿ ಫೋನ್ ತಂತಿಯಲ್ಲೇ ಸಿನಿಮಾ ಕಳಿಸೋ ಆಸೆ. ನೋಡುವವರ ಮನೆಯಿಂದ ವಾಪಸ್ ಹೋಗೋದೇನು, ರಿಮೋಟಿನ ಆಜ್ಞೆ ತಾನೆ? ಆ ವ್ಯಾಪಾರ ಕುದುರಲಿಲ್ಲ. ವೆಬ್ ಬಂತು. ಅಸಮ ಮಾತ್ರ ಹಾಗೇ ಉಳಿಯಿತು. ನಾವು ನೋಡುವವರು, ಹೇಳುವವರಲ್ಲ ಅನ್ನೋ ಲೆಕ್ಕಾಚಾರ ತಂತಿಯೊಳಗೇ ಕೂತುಬಿಟ್ಟಿತು.

2020ರ ಲಾಕ್‌ಡೌನಿನಲ್ಲಿ ಅಪ್ಪನ ಮನೆಯ ಹಳೇ ಲ್ಯಾಂಡ್‌ಲೈನಿನಿಂದ ನಾನು ಲೈವ್ ಕೊಡಬೇಕಾಗಿ ಬಂತು. ಸ್ಟುಡಿಯೋ ಚಿತ್ರ ನನಗೆ ಕನ್ನಡಿಯಷ್ಟು ಸ್ಪಷ್ಟ. ನನ್ನ ಮುಖ ಅಲ್ಲಿಗೆ ತಲುಪುವಷ್ಟರಲ್ಲಿ ಬರೀ ಚೌಕ ಚೌಕ.

“ನೆಟ್ ಚೆನ್ನಾಗೇ ಇದೆಯಲ್ಲೋ, ಯೂಟ್ಯೂಬ್ ಓಡ್ತಿದೆ” ಅಂದರು ಅಪ್ಪ.