ಮೈದಾನ ಊರೊಳಗೋ, ಊರಾಚೆಗೋ?

ಇಂಗ್ಲೆಂಡಿನ ಲಿವರ್‌ಪೂಲ್ ನಗರದ ಎವರ್ಟನ್ ಫುಟ್‌ಬಾಲ್ ಕ್ಲಬ್ 2025ರ ಆಗಸ್ಟ್ 24ರಂದು ಮರ್ಸಿ ನದಿಯ ದಡದಲ್ಲಿ ಕಟ್ಟಿಕೊಂಡ ಹೊಸ ಕ್ರೀಡಾಂಗಣದಲ್ಲಿ ತನ್ನ ಮೊದಲ ಲೀಗ್ ಪಂದ್ಯವನ್ನಾಡಿತು. ಸರಿಯಾಗಿ 133 ವರ್ಷಗಳ ಹಿಂದೆ, 1892ರ ಅದೇ ಆಗಸ್ಟ್ 24ರಂದು, ಅದರ ಹಳೆಯ ಮೈದಾನವಾದ ಗುಡಿಸನ್ ಪಾರ್ಕಿನ ಉದ್ಘಾಟನೆಯಾಗಿತ್ತು. ಎರಡರ ನಡುವಿನ ದೂರ ಸುಮಾರು ಎರಡು ಮೈಲಿ. ಈ ಎರಡು ಮೈಲಿ ದಾಟಲು ಕ್ಲಬ್ಬಿಗೆ ಕಾಲು ಶತಮಾನಕ್ಕೂ ಹೆಚ್ಚು ಕಾಲ ಹಿಡಿಯಿತು. ಆ ಅವಧಿಯಲ್ಲಿ ಹೊಸ ಕ್ರೀಡಾಂಗಣಕ್ಕೆಂದು ಒಂದಾದ ಮೇಲೊಂದರಂತೆ ಹಲವು ಜಾಗಗಳ ಹೆಸರು ಬಂದು ಹೋದವು. ಪ್ರತಿ ಜಾಗದ ಬಗೆಗೂ ಅಭಿಮಾನಿಗಳು ಮನೆಗಳಲ್ಲಿ, ಪಬ್ಬುಗಳಲ್ಲಿ, ಸಭೆಗಳಲ್ಲಿ ವಾದ ಮಾಡಿದರು. ಅಣ್ಣ ತಮ್ಮಂದಿರು ಒಂದೊಂದು ಪಕ್ಷ ಹಿಡಿದರು.

ಒಂದು ಮೈದಾನ ಇಲ್ಲಿದ್ದರೇನು, ನಾಲ್ಕು ಮೈಲಿ ಆಚೆಗಿದ್ದರೇನು ಎಂದು ಹೊರಗಿನವರಿಗೆ ಅನ್ನಿಸಬಹುದು. ಇಂಗ್ಲೆಂಡಿನ ಫುಟ್‌ಬಾಲ್ ಕ್ಲಬ್ಬುಗಳ ಹುಟ್ಟನ್ನು ನೋಡಿದರೆ ಇದಕ್ಕೆ ಉತ್ತರ ಸಿಗುತ್ತದೆ. ಅವುಗಳಲ್ಲಿ ಹೆಚ್ಚಿನವು 19ನೇ ಶತಮಾನದ ಕೊನೆಯಲ್ಲಿ ಚರ್ಚಿನ, ಕಾರ್ಖಾನೆಯ ಇಲ್ಲವೇ ಬಡಾವಣೆಯ ತಂಡಗಳಾಗಿ ಹುಟ್ಟಿದಂಥವು. ಶನಿವಾರ ಮಧ್ಯಾಹ್ನ ಕೆಲಸ ಮುಗಿಸಿದ ಕಾರ್ಮಿಕರು ನಡೆದೇ ಹೋಗಿ ಆಟ ನೋಡುತ್ತಿದ್ದರು. ಹೀಗಾಗಿ ಮೈದಾನಗಳು ಮನೆಗಳ ಸಾಲಿನ ನಡುವೆಯೇ ಎದ್ದವು. ಕ್ಲಬ್ಬಿನ ಹೆಸರೆಂದರೆ ಒಂದು ಬೀದಿಯ, ಒಂದು ಬಡಾವಣೆಯ ಹೆಸರು. ಮೈದಾನ ಬೇರೆಡೆಗೆ ಹೋದರೆ ಆ ಹೆಸರಿಗೆ ಉಳಿಯುವ ಅರ್ಥವೇನು ಎಂಬುದೇ ಎಲ್ಲ ವಾದಗಳ ಬುಡದಲ್ಲಿದ್ದ ಪ್ರಶ್ನೆ.

ಮೊದಲ ಜಗಳ, ಎರಡು ಕ್ಲಬ್ಬು

ಎವರ್ಟನ್ನಿನ ಮಟ್ಟಿಗೆ ಈ ಪ್ರಶ್ನೆ ಹೊಸದಲ್ಲ. 1878ರಲ್ಲಿ ಸೇಂಟ್ ಡೊಮಿಂಗೊ ಎಂಬ ಮೆಥಡಿಸ್ಟ್ ಚರ್ಚಿನ ಹುಡುಗರು ಕಟ್ಟಿದ ತಂಡ ಮರುವರ್ಷ ತನ್ನ ಬಡಾವಣೆಯ ಹೆಸರನ್ನು ಇಟ್ಟುಕೊಂಡಿತು. ಸ್ಟ್ಯಾನ್ಲಿ ಪಾರ್ಕ್ ಎಂಬ ಉದ್ಯಾನದಲ್ಲಿ ಆಡುತ್ತಿದ್ದ ತಂಡ 1884ರಲ್ಲಿ ಆನ್‌ಫೀಲ್ಡ್ ಮೈದಾನಕ್ಕೆ ಬಂತು. ಇಂದು ಆನ್‌ಫೀಲ್ಡ್ ಎಂದೊಡನೆ ನೆನಪಾಗುವುದು ಲಿವರ್‌ಪೂಲ್ ಕ್ಲಬ್. ಆದರೆ 1891ರಲ್ಲಿ ಆನ್‌ಫೀಲ್ಡಿನಲ್ಲಿ ಆಡುತ್ತ ಇಂಗ್ಲಿಷ್ ಲೀಗ್ ಚಾಂಪಿಯನ್ ಆದದ್ದು ಎವರ್ಟನ್.

ಕ್ಲಬ್ಬಿನ ಅಧ್ಯಕ್ಷ ಜಾನ್ ಹೌಲ್ಡಿಂಗ್ ಬಿಯರ್ ತಯಾರಿಸುವ ವ್ಯಾಪಾರಿ, ಕನ್ಸರ್ವೇಟಿವ್ ಪಕ್ಷದ ರಾಜಕಾರಣಿ. ಮೈದಾನದ ಮೇಲಿನ ಹಿಡಿತವೂ ಆತನದೇ. ಬಾಡಿಗೆ ವರ್ಷದಿಂದ ವರ್ಷಕ್ಕೆ ಏರತೊಡಗಿತು. ಮೈದಾನದಲ್ಲಿ ತಿಂಡಿ ಪಾನೀಯ ಮಾರುವ ಹಕ್ಕೂ ಆತನ ಕೈಯಲ್ಲಿತ್ತು. ಆಟಗಾರರು ಬಟ್ಟೆ ಬದಲಿಸುತ್ತಿದ್ದುದು ಆತನದೇ ಹೋಟೆಲಿನಲ್ಲಿ. ಚರ್ಚಿನಿಂದ ಹುಟ್ಟಿದ ಕ್ಲಬ್ಬಿನ ಹಲವು ಸದಸ್ಯರಿಗೆ ಮದ್ಯದ ವ್ಯಾಪಾರಿಯ ಈ ಯಜಮಾನಿಕೆ ಸರಿಬೀಳಲಿಲ್ಲ. ಚರ್ಚಿನಲ್ಲಿ ಆರ್ಗನ್ ನುಡಿಸುತ್ತಿದ್ದ ಲೆಕ್ಕಪರಿಶೋಧಕ ಜಾರ್ಜ್ ಮೇಹನ್ ವಿರೋಧಿಗಳ ಮುಂದಾಳಾದ. ಬೇರೆ ಮೈದಾನ ನಿನಗೆಲ್ಲಿ ಸಿಗುತ್ತದೆ ಎಂದು ಸಭೆಯಲ್ಲಿ ಯಾರೋ ಕೂಗಿ ಕೇಳಿದಾಗ, ಅದಾಗಲೇ ತನ್ನ ಜೇಬಿನಲ್ಲಿದೆ ಎಂದು ಮೇಹನ್ ಉತ್ತರಿಸಿದನೆಂಬ ಕಥೆಯನ್ನು ಎವರ್ಟನ್ ಅಭಿಮಾನಿಗಳು ಇಂದಿಗೂ ಹೇಳುತ್ತಾರೆ.

1892ರಲ್ಲಿ ಬಹುಪಾಲು ಸದಸ್ಯರು ಆನ್‌ಫೀಲ್ಡ್ ಬಿಟ್ಟು ಹೊರಟರು. ಸ್ಟ್ಯಾನ್ಲಿ ಪಾರ್ಕಿನ ಆಚೆ ಬದಿಯಲ್ಲಿ, ಒಂದು ಮೈಲಿಯೂ ದೂರವಿಲ್ಲದ ಹಾಳುಬಿದ್ದ ನೆಲವನ್ನು ಸಮ ಮಾಡಿ ಗುಡಿಸನ್ ಪಾರ್ಕ್ ಕಟ್ಟಿದರು. ಖಾಲಿ ಮೈದಾನದೊಂದಿಗೆ ಉಳಿದ ಹೌಲ್ಡಿಂಗ್ ಎವರ್ಟನ್ ಎಂಬ ಹೆಸರನ್ನು ಉಳಿಸಿಕೊಳ್ಳಲು ಯತ್ನಿಸಿ ಸೋತ. ಬಳಿಕ ಹೊಸ ಕ್ಲಬ್ಬೊಂದನ್ನು ಹುಟ್ಟುಹಾಕಿ ಅದಕ್ಕೆ ಲಿವರ್‌ಪೂಲ್ ಎಂದು ಹೆಸರಿಟ್ಟ. ಇಂಗ್ಲೆಂಡಿನ ಬಹು ದೊಡ್ಡ ಫುಟ್‌ಬಾಲ್ ದಾಯಾದಿತನವೊಂದು ಹುಟ್ಟಿದ್ದು ಹೀಗೆ, ಮೈದಾನದ ಜಗಳದಿಂದ.

ಇನ್ನೊಂದು ಮಾತನ್ನೂ ಗಮನಿಸಬೇಕು. ಗುಡಿಸನ್ ಪಾರ್ಕ್ ಇರುವುದು ಎವರ್ಟನ್ ಬಡಾವಣೆಯಲ್ಲಲ್ಲ, ವಾಲ್ಟನ್ ಬಡಾವಣೆಯಲ್ಲಿ. ಹೆಸರಿನ ಊರನ್ನು ಕ್ಲಬ್ಬು ಅಂದೇ ಬಿಟ್ಟಿತ್ತು. ಆದರೂ ಹೆಸರು ಉಳಿಯಿತು, ಜನರೂ ಉಳಿದರು.

ಕಂಬಗಳ ಹಿಂದಿನ ಆಟ

ಗುಡಿಸನ್ ಪಾರ್ಕ್ ತನ್ನ ಕಾಲದಲ್ಲಿ ಎಲ್ಲರಿಗಿಂತ ಮುಂದಿದ್ದ ಮೈದಾನ. ಆ ಕಾಲದ ಪ್ರಸಿದ್ಧ ಕ್ರೀಡಾಂಗಣ ಶಿಲ್ಪಿ ಆರ್ಚಿಬಾಲ್ಡ್ ಲೀಚ್ ಇಲ್ಲಿ ಎರಡಂತಸ್ತಿನ ಪ್ರೇಕ್ಷಕ ಗ್ಯಾಲರಿಗಳನ್ನು ಕಟ್ಟಿದ. 1938ರ ಹೊತ್ತಿಗೆ ನಾಲ್ಕೂ ಬದಿಗೆ ಅಂಥ ಗ್ಯಾಲರಿಗಳಿದ್ದವು. 1927-28ರ ಋತುವಿನಲ್ಲಿ ಡಿಕ್ಸಿ ಡೀನ್ ಎವರ್ಟನ್ ಪರವಾಗಿ 60 ಲೀಗ್ ಗೋಲುಗಳನ್ನು ಹೊಡೆದ ದಾಖಲೆ ಇನ್ನೂ ಮುರಿದಿಲ್ಲ. ಅದೇ ಡೀನ್ 1980ರಲ್ಲಿ ಗುಡಿಸನ್ನಿನಲ್ಲೇ, ಎವರ್ಟನ್-ಲಿವರ್‌ಪೂಲ್ ಪಂದ್ಯ ನೋಡಲು ಬಂದಿದ್ದಾಗ, ಕೊನೆಯುಸಿರೆಳೆದ. 1948ರಲ್ಲಿ ಇವೆರಡು ತಂಡಗಳ ಪಂದ್ಯಕ್ಕೆ 78,299 ಮಂದಿ ಸೇರಿದ್ದರು. 1966ರ ವಿಶ್ವಕಪ್ಪಿನಲ್ಲಿ ಪೆಲೆ ಇಲ್ಲಿ ಆಡಿದ. ಉತ್ತರ ಕೊರಿಯಾ ವಿರುದ್ಧ ಮೂರು ಗೋಲುಗಳಿಂದ ಹಿಂದೆ ಬಿದ್ದಿದ್ದ ಪೋರ್ಚುಗಲ್ಲನ್ನು ನಾಲ್ಕು ಗೋಲು ಹೊಡೆದು ಯುಸೇಬಿಯೊ ಗೆಲ್ಲಿಸಿದ್ದೂ ಇಲ್ಲಿಯೇ.

ಕಾಲ ಬದಲಾಯಿತು. 1989ರಲ್ಲಿ ಶೆಫೀಲ್ಡಿನ ಹಿಲ್ಸ್‌ಬರೊ ಮೈದಾನದಲ್ಲಿ ನೂಕುನುಗ್ಗಲಿಗೆ ಸಿಲುಕಿ ಲಿವರ್‌ಪೂಲ್ ಕ್ಲಬ್ಬಿನ 97 ಅಭಿಮಾನಿಗಳು ಸತ್ತರು. ಅದರ ವಿಚಾರಣೆ ನಡೆಸಿದ ನ್ಯಾಯಮೂರ್ತಿ ಟೇಲರ್ 1990ರ ವರದಿಯಲ್ಲಿ ದೊಡ್ಡ ಮೈದಾನಗಳಲ್ಲಿ ಎಲ್ಲರಿಗೂ ಆಸನವಿರಬೇಕೆಂದು ಶಿಫಾರಸು ಮಾಡಿದರು. ನಿಂತು ನೋಡುವ ಜಾಗಗಳು ಹೋದವು. ಗುಡಿಸನ್ನಿನ ಸಾಮರ್ಥ್ಯ 40 ಸಾವಿರದ ಆಸುಪಾಸಿಗೆ ಇಳಿಯಿತು. ಹಳೆಯ ಗ್ಯಾಲರಿಗಳ ಕಂಬಗಳ ಹಿಂದೆ ಕೂತವರಿಗೆ ಅರ್ಧ ಆಟವೇ ಕಾಣುತ್ತಿರಲಿಲ್ಲ. ಸುತ್ತ ಮನೆಗಳು, ಒಂದು ಮೂಲೆಯಲ್ಲಿ ಚರ್ಚು, ವಿಸ್ತರಿಸಲು ಜಾಗವಿಲ್ಲ. ಆಸನಗಳಿಂದ ಬರುವ ಹಣದಲ್ಲಿ ಪ್ರತಿಸ್ಪರ್ಧಿಗಳು ಮುಂದೆ ಹೋಗುತ್ತಿದ್ದರು. 1997ರ ಸುಮಾರಿಗೆ ಅಂದಿನ ಮಾಲೀಕ ಪೀಟರ್ ಜಾನ್ಸನ್ 60 ಸಾವಿರ ಆಸನಗಳ ಹೊಸ ಕ್ರೀಡಾಂಗಣದ ಮಾತೆತ್ತಿದಾಗ ಚರ್ಚೆಗೆ ಚಾಲನೆ ದೊರೆಯಿತು.

ಆ ಯೋಜನೆ ಮಾತಿನಲ್ಲೇ ಮುಗಿಯಿತು. ಆಮೇಲೆ ಬಂದದ್ದು ನಗರದ ನಟ್ಟನಡುವೆ ನದಿಯಂಚಿನಲ್ಲಿದ್ದ ಕಿಂಗ್ಸ್ ಡಾಕ್. ಅಭಿಮಾನಿಗಳು ಇಷ್ಟು ಒಮ್ಮತದಿಂದ ಮೆಚ್ಚಿದ ಜಾಗ ಬೇರೊಂದಿರಲಿಲ್ಲ. ಆದರೆ ಕ್ಲಬ್ಬು ತನ್ನ ಪಾಲಿನ ಹಣವನ್ನು ಹೊಂದಿಸಲಾಗದೆ 2003ರಲ್ಲಿ ಅದು ಕೈತಪ್ಪಿತು. ಸ್ಟ್ಯಾನ್ಲಿ ಪಾರ್ಕಿನಲ್ಲಿ ಎರಡೂ ಕ್ಲಬ್ಬುಗಳಿಗೆ ಸೇರಿ ಒಂದೇ ಕ್ರೀಡಾಂಗಣ ಕಟ್ಟಬಹುದೆಂಬ ಸಲಹೆಯನ್ನು ಎರಡೂ ಕಡೆಯ ಅಭಿಮಾನಿಗಳು ತಳ್ಳಿಹಾಕಿದರು.

ಗಡಿಯಾಚೆಯ ಕರ್ಬಿ

2006ರಲ್ಲಿ ಟೆಸ್ಕೊ ಎಂಬ ಬೃಹತ್ ಅಂಗಡಿ ಕಂಪನಿ ಮತ್ತು ನೋಸ್ಲಿ ಎಂಬ ನೆರೆಯ ಸ್ಥಳೀಯ ಆಡಳಿತದ ಜೊತೆ ಸೇರಿ ಕ್ಲಬ್ಬು ಹೊಸ ಯೋಜನೆಯೊಂದನ್ನು ಮುಂದಿಟ್ಟಿತು. ಗುಡಿಸನ್ನಿನಿಂದ ಸುಮಾರು ನಾಲ್ಕು ಮೈಲಿ ದೂರದ ಕರ್ಬಿ ಪಟ್ಟಣದಲ್ಲಿ 50 ಸಾವಿರ ಆಸನಗಳ ಕ್ರೀಡಾಂಗಣ, ಪಕ್ಕದಲ್ಲಿ ದೊಡ್ಡ ಅಂಗಡಿ. ಕ್ಲಬ್ಬಿನ ಮೇಲೆ ಬೀಳುವ ಖರ್ಚು ಕಡಿಮೆ. ಅಡ್ಡಿ ಒಂದೇ: ಕರ್ಬಿ ಲಿವರ್‌ಪೂಲ್ ನಗರದ ಗಡಿಯಿಂದಾಚೆಗಿದೆ.

ಅಭಿಮಾನಿಗಳು ಎರಡು ಹೋಳಾದರು. 'ಎವರ್ಟನ್ ನಮ್ಮ ನಗರದಲ್ಲೇ ಇರಲಿ' ಎಂಬ ಹೆಸರಿನ ಸಂಘಟನೆಯೇ ಹುಟ್ಟಿತು. ನಾವು ಊರು ಬಿಟ್ಟರೆ ಲಿವರ್‌ಪೂಲ್ ನಗರಕ್ಕೆ ಒಂದೇ ಕ್ಲಬ್ಬು ಉಳಿಯುತ್ತದೆ, ಅದೂ ನಮ್ಮ ಜಗಳದಿಂದ ಹುಟ್ಟಿದ ಕ್ಲಬ್ಬು ಎಂಬುದು ಅವರ ನೋವು. ಪಂದ್ಯ ಮುಗಿದ ಮೇಲೆ ಹತ್ತಾರು ಸಾವಿರ ಜನ ಆ ಸಣ್ಣ ಪಟ್ಟಣದಿಂದ ಹೊರಬರುವುದು ಹೇಗೆ ಎಂಬ ವ್ಯಾವಹಾರಿಕ ಪ್ರಶ್ನೆಯನ್ನೂ ಅವರು ಕೇಳಿದರು. ದೈತ್ಯ ಅಂಗಡಿ, ಸಂಚಾರ ದಟ್ಟಣೆಗಳಿಗೆ ಹೆದರಿ ಕರ್ಬಿಯ ನಿವಾಸಿಗಳಲ್ಲೂ ಹಲವರು ವಿರೋಧಿಸಿದರು.

ಪರವಾಗಿದ್ದವರ ಮಾತಿನಲ್ಲೂ ಹುರುಳಿತ್ತು. ಎರಡನೇ ಮಹಾಯುದ್ಧದ ನಂತರ ಲಿವರ್‌ಪೂಲಿನ ಕೊಳೆಗೇರಿಗಳನ್ನು ತೆರವು ಮಾಡಿದಾಗ ಎತ್ತಂಗಡಿಯಾದ ಸಾವಿರಾರು ಕುಟುಂಬಗಳಿಗಾಗಿ ಬೆಳೆಸಿದ ಪಟ್ಟಣವೇ ಕರ್ಬಿ. ಎವರ್ಟನ್, ಸ್ಕಾಟ್‌ಲೆಂಡ್ ರಸ್ತೆಗಳಂಥ ಹಳೆಯ ಕೇರಿಗಳ ಜನ ಅಲ್ಲಿದ್ದಾರೆ. ಅವರ ಮಾತು ಲಿವರ್‌ಪೂಲಿನ ಮಾತು, ಹಲವರ ತಂಡ ಎವರ್ಟನ್. ನಗರವೇ ಅವರನ್ನು ಗಡಿಯಾಚೆಗೆ ಕಳಿಸಿ, ಈಗ ನೀವು ನಮ್ಮವರಲ್ಲ ಎನ್ನುವುದು ಯಾವ ನ್ಯಾಯ? ಗಡಿ ಎಂಬುದು ಆಡಳಿತದ ನಕ್ಷೆಯಲ್ಲಿರುವುದೋ, ಜನರ ಬಾಳಿನಲ್ಲಿರುವುದೋ? ಕ್ಲಬ್ಬು ಒಂದು ಊರಿನದು ಎನ್ನುವಾಗ ಊರೆಂದರೆ ನೆಲವೇ, ಜನವೇ ಎಂಬ ತೊಡಕು ಇಲ್ಲಿ ಎದುರಾಯಿತು. ಎರಡೂ ಪಕ್ಷಕ್ಕೆ ಇದಕ್ಕೆ ಸುಲಭ ಉತ್ತರವಿರಲಿಲ್ಲ.

ವಿರೋಧಿಗಳ ಭಯಕ್ಕೆ ಹತ್ತಿರದ ನಿದರ್ಶನಗಳಿದ್ದವು. ಲಂಡನ್ನಿನ ವಿಂಬಲ್ಡನ್ ಕ್ಲಬ್ಬು 2003ರಲ್ಲಿ ದೂರದ ಮಿಲ್ಟನ್ ಕೀನ್ಸ್ ಪಟ್ಟಣಕ್ಕೆ ಹೋಗಿ, ಮರುವರ್ಷ ಹೆಸರನ್ನೂ ಬದಲಿಸಿಕೊಂಡಿತ್ತು. ಆ ಸ್ಥಳಾಂತರಕ್ಕೆ ಒಪ್ಪಿಗೆ ಸಿಕ್ಕ 2002ರಲ್ಲೇ ಅಭಿಮಾನಿಗಳು ತಮ್ಮದೇ ಹೊಸ ಕ್ಲಬ್ಬನ್ನು ತೀರ ಕೆಳಗಿನ ದರ್ಜೆಯಿಂದ ಕಟ್ಟಿದರು. ಅದು ತನ್ನ ಬೀದಿಗೆ ಮರಳಿದ್ದು 2020ರಲ್ಲಿ. ಅಭಿಮಾನಿಗಳು ಗೆದ್ದ ಉದಾಹರಣೆಯೂ ಇತ್ತು. ಲಂಡನ್ನಿನದೇ ಚಾರ್ಲ್‌ಟನ್ ಕ್ಲಬ್ 1985ರಲ್ಲಿ ತನ್ನ ವ್ಯಾಲಿ ಮೈದಾನವನ್ನು ಬಿಟ್ಟಿತ್ತು. ಹಿಂದಿರುಗಲು ಅನುಮತಿ ಸಿಗದಾಗ ಅಭಿಮಾನಿಗಳು 'ವ್ಯಾಲಿ ಪಾರ್ಟಿ' ಎಂಬ ಪಕ್ಷವನ್ನೇ ಕಟ್ಟಿ 1990ರ ಸ್ಥಳೀಯ ಚುನಾವಣೆಯಲ್ಲಿ ಸ್ಪರ್ಧಿಸಿ 14,838 ಮತ ಪಡೆದರು. 1992ರ ಡಿಸೆಂಬರಿನಲ್ಲಿ ಕ್ಲಬ್ಬು ವ್ಯಾಲಿಗೆ ಮರಳಿತು.

ಮತದಾನ ಮತ್ತು ತೀರ್ಪು

2007ರ ಆಗಸ್ಟಿನಲ್ಲಿ ಎವರ್ಟನ್ ತನ್ನ ಅಭಿಮಾನಿಗಳ ಮತ ಕೇಳಿತು. ಮತ ಹಾಕಿದವರಲ್ಲಿ ಶೇಕಡಾ 59ರಷ್ಟು ಮಂದಿ ಕರ್ಬಿಗೆ ಹೌದೆಂದರು, ಸುಮಾರು 41ರಷ್ಟು ಮಂದಿ ಬೇಡವೆಂದರು. ಕ್ಲಬ್ಬು ಕೊಟ್ಟ ಮಾಹಿತಿ ಏಕಪಕ್ಷೀಯವಾಗಿತ್ತೆಂದು ಸೋತವರು ದೂರಿದರು. ಕಂಬಗಳ ಹಿಂದೆ ಕೂತು ಬೇಸತ್ತವರು, ತಂಡ ಬಡವಾಗುತ್ತಿದೆ ಎಂದು ಕೊರಗಿದವರು ಹೌದೆಂದಿದ್ದರು. ಅವರ ಅಭಿಮಾನವೇನೂ ಕಡಿಮೆಯದಾಗಿರಲಿಲ್ಲ.

ಆದರೆ ಅಂತಿಮ ತೀರ್ಮಾನ ಮತದಿಂದ ಆಗಲಿಲ್ಲ. ಸಾರ್ವಜನಿಕ ವಿಚಾರಣೆಯ ನಂತರ 2009ರ ನವೆಂಬರಿನಲ್ಲಿ ಬ್ರಿಟಿಷ್ ಸರ್ಕಾರ ಯೋಜನೆಯನ್ನು ತಿರಸ್ಕರಿಸಿತು. ಅದಕ್ಕೆ ಕೊಟ್ಟ ಮುಖ್ಯ ಕಾರಣ, ಇಷ್ಟು ದೊಡ್ಡ ಮಾರಾಟ ಮಳಿಗೆಗಳಿಂದ ಅಕ್ಕಪಕ್ಕದ ಪಟ್ಟಣಗಳ ಪೇಟೆಗೆ ಪೆಟ್ಟು ಬೀಳುತ್ತದೆ ಎಂಬುದು. ಕ್ಲಬ್ಬಿನ ಹೆಸರು, ನಗರದ ಗಡಿ ಎಂದು ವರ್ಷಗಟ್ಟಲೆ ವಾದಿಸಿದವರು ಕೊನೆಗೆ ಗೆದ್ದದ್ದು ನೆರೆಯೂರಿನ ಅಂಗಡಿಗಳ ದೆಸೆಯಿಂದ.

ಆಮೇಲೆ 2014ರಲ್ಲಿ ವಾಲ್ಟನ್ ಹಾಲ್ ಪಾರ್ಕ್ ಎಂಬ ಉದ್ಯಾನದ ಪ್ರಸ್ತಾಪ ಬಂದು, 2016ರಲ್ಲಿ ಬಿದ್ದುಹೋಯಿತು. ಅತ್ತ ಲಿವರ್‌ಪೂಲ್ ಕ್ಲಬ್ಬು ಸ್ಟ್ಯಾನ್ಲಿ ಪಾರ್ಕಿನಲ್ಲಿ ಹೊಸದಾಗಿ ಕಟ್ಟುವ ಯೋಜನೆಯನ್ನು ಕೈಬಿಟ್ಟು, ಆನ್‌ಫೀಲ್ಡನ್ನೇ ಹಂತಹಂತವಾಗಿ 60 ಸಾವಿರ ಆಸನಗಳಾಚೆಗೆ ಬೆಳೆಸಿತು. ಅದಕ್ಕಾಗಿ ಪಕ್ಕದ ಬೀದಿಯ ಮನೆಗಳು ನೆಲಸಮವಾದವು. ಇದ್ದಲ್ಲೇ ಇರುವುದಕ್ಕೂ ಬೆಲೆ ತೆರಬೇಕಾಗುತ್ತದೆ.

ನೀರಿದ್ದ ಜಾಗದಲ್ಲಿ ಹುಲ್ಲು

2017ರಲ್ಲಿ ಕ್ಲಬ್ಬು ಬ್ರಾಮ್ಲಿ ಮೂರ್ ಡಾಕ್ ಎಂಬ ಹಳೆಯ ಹಡಗುಕಟ್ಟೆಯನ್ನು ಆರಿಸಿಕೊಂಡಿತು. ಜೆಸ್ಸಿ ಹಾರ್ಟ್‌ಲಿ ಎಂಬ ಎಂಜಿನಿಯರ್ ಕಟ್ಟಿದ ಈ ಕಟ್ಟೆ 1848ರಲ್ಲಿ ಬಳಕೆಗೆ ಬಂದಿತ್ತು. ನಗರದೊಳಗೇ ಇದೆ, ನದಿಯಂಚಿನಲ್ಲಿದೆ, ಕಿಂಗ್ಸ್ ಡಾಕಿನಲ್ಲಿ ಕಳೆದುಕೊಂಡದ್ದು ಮರಳಿ ಸಿಕ್ಕಂತಾಯಿತು. ಎರಡು ಹಂತಗಳಲ್ಲಿ ಅಭಿಪ್ರಾಯ ಸಂಗ್ರಹಿಸಿದಾಗ 60 ಸಾವಿರಕ್ಕೂ ಹೆಚ್ಚು ಉತ್ತರಗಳು ಬಂದವು. ಅವುಗಳಲ್ಲಿ ಬಹುತೇಕ ಒಪ್ಪಿಗೆಯೇ.

ಈ ಸಲ ತಕರಾರು ಬಂದದ್ದು ಬೇರೆ ದಿಕ್ಕಿನಿಂದ. ಲಿವರ್‌ಪೂಲಿನ ಬಂದರು ಪ್ರದೇಶ 2004ರಿಂದ ಯುನೆಸ್ಕೊದ ವಿಶ್ವ ಪರಂಪರೆಯ ಪಟ್ಟಿಯಲ್ಲಿತ್ತು. ಐತಿಹಾಸಿಕ ಕಟ್ಟೆಯೊಂದನ್ನು ಮುಚ್ಚುವುದು ಸಲ್ಲದೆಂದು ಪರಂಪರೆಯ ರಕ್ಷಕರು ಹೇಳಿದರು. ನಗರಾಡಳಿತ 2021ರ ಫೆಬ್ರುವರಿಯಲ್ಲಿ ಅನುಮತಿ ನೀಡಿತು. ಅದೇ ಜುಲೈನಲ್ಲಿ ಯುನೆಸ್ಕೊ ಲಿವರ್‌ಪೂಲಿನ ಹೆಸರನ್ನು ಪಟ್ಟಿಯಿಂದ ತೆಗೆದುಹಾಕಿತು. ಬಂದರು ಪ್ರದೇಶದಲ್ಲಿ ಅದಾಗಲೇ ಎದ್ದಿದ್ದ ಹೊಸ ಕಟ್ಟಡಗಳ ಜೊತೆಗೆ ಈ ಕ್ರೀಡಾಂಗಣವೂ ಅದಕ್ಕೆ ಕಾರಣಗಳಲ್ಲೊಂದು. ಒಂದು ಪರಂಪರೆಯನ್ನು ಊರೊಳಗೆ ಉಳಿಸಿಕೊಳ್ಳಲು ಹೋಗಿ ಊರು ಇನ್ನೊಂದರ ಮನ್ನಣೆಯನ್ನು ಕಳೆದುಕೊಂಡಿತು.

ಐರಿಷ್ ಸಮುದ್ರದ ತಳದಿಂದ ತಂದ ಮರಳಿನಿಂದ ಕಟ್ಟೆಯನ್ನು ತುಂಬಿ, ಅದರ ಮೇಲೆ 52 ಸಾವಿರಕ್ಕೂ ಹೆಚ್ಚು ಆಸನಗಳ ಕ್ರೀಡಾಂಗಣವನ್ನು ನಿಲ್ಲಿಸಲಾಯಿತು. ಹಾರ್ಟ್‌ಲಿ ಕಟ್ಟಿದ ಗೋಡೆಗಳನ್ನು ಒಡೆಯದೆ ನೆಲದಡಿ ಉಳಿಸಿದರು. ಇಟ್ಟಿಗೆಯ ವಿನ್ಯಾಸದಲ್ಲಿ ಲೀಚ್‌ನ ಹಳೆಯ ಗ್ಯಾಲರಿಗಳ ಹೆಣಿಗೆಯನ್ನು ನೆನಪಿಗೆ ತಂದರು. ಈ ನಡುವೆ ಕ್ಲಬ್ಬು ಸಾಲದಲ್ಲಿ ಮುಳುಗಿತು. ಲೀಗಿನ ಹಣಕಾಸು ನಿಯಮ ಮೀರಿದ್ದಕ್ಕಾಗಿ 2023-24ರ ಋತುವಿನಲ್ಲಿ ಅಂತಿಮವಾಗಿ 8 ಅಂಕಗಳನ್ನು ಕಳೆದುಕೊಂಡಿತು. 2024ರ ಕೊನೆಯಲ್ಲಿ ಮಾಲೀಕರೂ ಬದಲಾದರು. ಕರ್ಬಿಯಲ್ಲಿ ಕಟ್ಟಿದ್ದರೆ ಖರ್ಚು ಎಷ್ಟೋ ಕಡಿಮೆಯಾಗುತ್ತಿತ್ತು ಎನ್ನುವವರ ಮಾತನ್ನು ಅಲ್ಲಗಳೆಯುವಂತಿಲ್ಲ. ನಗರದೊಳಗೆ ಉಳಿಯಬೇಕೆಂಬ ಹಟಕ್ಕೆ ಕ್ಲಬ್ಬು ತೆತ್ತದ್ದು ದೊಡ್ಡ ಮೊತ್ತ.

2025ರ ಮೇ 18ರಂದು ಸೌತಾಂಪ್ಟನ್ ವಿರುದ್ಧ 2-0 ಗೆಲುವಿನೊಂದಿಗೆ ಪುರುಷರ ತಂಡ ಗುಡಿಸನ್ ಪಾರ್ಕಿಗೆ ವಿದಾಯ ಹೇಳಿತು. ಪಂದ್ಯದ ದಿನದ ವ್ಯಾಪಾರವನ್ನೇ ನಂಬಿದ್ದ ವಾಲ್ಟನ್ನಿನ ಪಬ್ಬು, ತಿಂಡಿಯಂಗಡಿಗಳಿಗೆ ಅದು ನಷ್ಟದ ದಿನ. ನಗರ ಬಿಡಬಾರದೆಂಬ ವಾದ ಗೆದ್ದರೂ ಬಡಾವಣೆ ಬಿಡಬಾರದೆಂಬ ವಾದ ಗೆಲ್ಲಲಿಲ್ಲ. ಮೈದಾನವನ್ನು ಕೆಡವಿ ಮನೆಗಳನ್ನು ಕಟ್ಟುವ ಯೋಜನೆ ಮೊದಲಿಗಿತ್ತು. ಅದನ್ನು ಬದಿಗಿಟ್ಟು ಗುಡಿಸನ್ನನ್ನು ಎವರ್ಟನ್ ಮಹಿಳಾ ತಂಡದ ಮನೆಯಾಗಿ ಉಳಿಸಿಕೊಳ್ಳಲಾಯಿತು. ಹುಲ್ಲಿನ ಅಂಚಿನಲ್ಲಿ ಸುಮಾರು 800 ಅಭಿಮಾನಿಗಳ ಚಿತಾಭಸ್ಮವನ್ನು ಅವರ ಕೊನೆಯಾಸೆಯಂತೆ ಹೂಳಲಾಗಿದೆ. ಜಾಗ ಸಾಲದೆ 2004ರಲ್ಲಿ ಆ ಪದ್ಧತಿಯನ್ನು ನಿಲ್ಲಿಸಲಾಗಿತ್ತು. ಗುಡಿಸನ್ ಉಳಿದುದರಿಂದ ಅವರ ಸುತ್ತ ಈಗಲೂ ಎವರ್ಟನ್ನಿನ ಆಟ ನಡೆಯುತ್ತಿದೆ.