ಜನಗಣತಿಯಲ್ಲಿ ಜೈನರು: ಅಂಕಿ-ಅಂಶ ಹೇಳುವುದೇನು?

2011ರ ಜನಗಣತಿಯ ಪ್ರಕಾರ ಭಾರತದಲ್ಲಿ ಜೈನರ ಸಂಖ್ಯೆ 44,51,753. ದೇಶದ ಒಟ್ಟು ಜನಸಂಖ್ಯೆ 121 ಕೋಟಿ. ಅದರಲ್ಲಿ ಜೈನರ ಪಾಲು ಶೇ. 0.37, ಅಂದರೆ ಸುಮಾರು 272 ಭಾರತೀಯರಲ್ಲಿ ಒಬ್ಬರು. ಆದರೆ ಸಮಾಜದ ಸಭೆ-ಸಮಾರಂಭಗಳಲ್ಲಿ ‘ಜೈನರು ಒಂದು ಕೋಟಿಗೂ ಹೆಚ್ಚು ಇದ್ದಾರೆ’ ಎಂಬ ಮಾತು ಆಗಾಗ ಕೇಳಿಬರುತ್ತದೆ. ಗಣತಿಯಲ್ಲಿ ಬಹಳ ಜನ ಬಿಟ್ಟುಹೋಗಿದ್ದಾರೆ ಎಂದು ಕೆಲವರು ಹೇಳಿದರೆ, ಸಮಾಜವೇ ಕ್ಷೀಣಿಸುತ್ತಿದೆ ಎಂದು ಇನ್ನು ಕೆಲವರು ಹೇಳುತ್ತಾರೆ. ಸರ್ಕಾರದ ಅಂಕಿಗಳನ್ನು ಸಾಲಾಗಿ ಇಟ್ಟು ನೋಡಿದರೆ ಎರಡು ಮಾತಿನಲ್ಲೂ ಸ್ವಲ್ಪ ಸ್ವಲ್ಪ ನಿಜವಿದೆ. ಯಾವುದು ಎಷ್ಟು ನಿಜ ಎಂಬುದನ್ನು ಮುಂದಿನ ಗಣತಿಗೆ ಮೊದಲು ಪ್ರತಿ ಕುಟುಂಬವೂ ತಿಳಿದಿರುವುದು ಒಳ್ಳೆಯದು.

ಗಣತಿ ಬೇರೆ, ಸಮೀಕ್ಷೆ ಬೇರೆ

ಜನಗಣತಿ ಎಂದರೆ ಅಂಗಡಿಯ ದಾಸ್ತಾನು ಎಣಿಸಿದಂತೆ. ಗೊತ್ತಾದ ಒಂದು ದಿನಕ್ಕೆ ದೇಶದಲ್ಲಿ ಇರುವ ಪ್ರತಿಯೊಬ್ಬರನ್ನೂ ಲೆಕ್ಕ ಹಾಕಲಾಗುತ್ತದೆ. ದೇಶದಾದ್ಯಂತ ಏಕಕಾಲದಲ್ಲಿ ನಡೆದ ಮೊದಲ ಗಣತಿ 1881ರದು. ಅಂದಿನಿಂದ ಹತ್ತು ವರ್ಷಕ್ಕೊಮ್ಮೆ ತಪ್ಪದೆ ನಡೆದು ಬಂದ ಈ ಕೆಲಸ 2021ರಲ್ಲಿ ಕೊರೊನಾ ಕಾರಣದಿಂದ ಮುಂದಕ್ಕೆ ಹೋಯಿತು. ಹೀಗಾಗಿ ಇಂದಿಗೂ ಬಳಕೆಯಲ್ಲಿರುವುದು 2011ರ ಅಂಕಿಗಳೇ.

ಸಮೀಕ್ಷೆ ಎಂದರೆ ಮೂಟೆಗೆ ಸಲಾಕೆ ಚುಚ್ಚಿ ಒಂದು ಹಿಡಿ ಕಾಳು ತೆಗೆದು ನೋಡಿದಂತೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಅಂಥದ್ದು. 2019–21ರ ಅದರ ಐದನೆಯ ಸುತ್ತಿನಲ್ಲಿ ದೇಶದ ಸುಮಾರು 6.37 ಲಕ್ಷ ಮನೆಗಳನ್ನು ಮಾತ್ರ ಭೇಟಿ ಮಾಡಲಾಯಿತು. ದೊಡ್ಡ ಸಮುದಾಯಗಳ ಬಗ್ಗೆ ಇದು ಚೆನ್ನಾಗಿ ಹೇಳುತ್ತದೆ. ಸಾವಿರಕ್ಕೆ ನಾಲ್ಕು ಜನರೂ ಇಲ್ಲದ ಸಮಾಜದ ಮನೆಗಳು ಆ ಹಿಡಿಯಲ್ಲಿ ಸಿಗುವುದೇ ಕೆಲವು. ಆದ್ದರಿಂದ ಸಮೀಕ್ಷೆಯಲ್ಲಿ ಜೈನರ ಬಗ್ಗೆ ಬರುವ ಅಂಕಿಯನ್ನು ದಿಕ್ಕು ತೋರಿಸುವ ಗುರುತಾಗಿ ನೋಡಬೇಕೇ ಹೊರತು ಪೈಸೆ ಲೆಕ್ಕವಾಗಿ ಅಲ್ಲ.

ಯಾವ ರಾಜ್ಯದಲ್ಲಿ ಎಷ್ಟು (2011)

- ಮಹಾರಾಷ್ಟ್ರ: 14,00,349
- ರಾಜಸ್ಥಾನ: 6,22,023
- ಗುಜರಾತ್: 5,79,654
- ಮಧ್ಯಪ್ರದೇಶ: 5,67,028
- ಕರ್ನಾಟಕ: 4,40,280
- ಉತ್ತರ ಪ್ರದೇಶ: 2,13,267
- ದೆಹಲಿ: 1,66,231
- ತಮಿಳುನಾಡು: 89,265

ಮೊದಲ ಐದು ರಾಜ್ಯಗಳಲ್ಲೇ ದೇಶದ ನೂರು ಜೈನರಲ್ಲಿ 81 ಮಂದಿ ಇದ್ದಾರೆ. ಮಹಾರಾಷ್ಟ್ರವೊಂದರಲ್ಲೇ ಮೂರನೆಯ ಒಂದು ಪಾಲಿಗೆ ಸಮೀಪ.

ಕರ್ನಾಟಕದ ಜನಸಂಖ್ಯೆಯಲ್ಲಿ ಜೈನರ ಪಾಲು ಶೇ. 0.72. ರಾಜ್ಯದಲ್ಲಿ ಅತಿ ಹೆಚ್ಚು ಜೈನರಿರುವ ಜಿಲ್ಲೆ ಬೆಳಗಾವಿ. ಅದಕ್ಕೆ ಹೊಂದಿಕೊಂಡ ಕೊಲ್ಹಾಪುರ, ಸಾಂಗ್ಲಿ ಸೀಮೆಯಲ್ಲೂ ಜೈನ ರೈತ ಕುಟುಂಬಗಳು ಬಹಳ. ದೇಶದ ಮಟ್ಟದಲ್ಲಿ ನೂರು ಜೈನರಲ್ಲಿ ಸುಮಾರು 80 ಮಂದಿ ಪಟ್ಟಣವಾಸಿಗಳು. ಎಲ್ಲ ಭಾರತೀಯರನ್ನು ತೆಗೆದುಕೊಂಡರೆ ಪಟ್ಟಣದಲ್ಲಿರುವವರು ನೂರಕ್ಕೆ 31 ಮಾತ್ರ. ಜೈನರೆಂದರೆ ಪೇಟೆಯ ವ್ಯಾಪಾರಿಗಳು ಎಂಬ ಎಣಿಕೆ ಬಂದದ್ದು ಇದರಿಂದ. ಹೊಲ ಉಳುವ ಬೆಳಗಾವಿ ಸೀಮೆಯ ಜೈನರು ಆ ಚಿತ್ರದಲ್ಲಿ ಮರೆಯಾಗುತ್ತಾರೆ.

ಹತ್ತು ಹತ್ತು ವರ್ಷಗಳ ಏರಿಳಿತ

ಜೈನರ ಸಂಖ್ಯೆ ಪ್ರತಿ ದಶಕದಲ್ಲಿ ಎಷ್ಟು ಬೆಳೆಯಿತು, ಅದೇ ದಶಕದಲ್ಲಿ ದೇಶ ಎಷ್ಟು ಬೆಳೆಯಿತು ಎಂಬುದು ಹೀಗಿದೆ.

- 1961–71: ಜೈನರು ಸುಮಾರು ಶೇ. 28; ದೇಶ ಶೇ. 24.8
- 1971–81: ಜೈನರು ಸುಮಾರು ಶೇ. 23, ದೇಶ ಶೇ. 24.7
- 1981–91: ಜೈನರು ಶೇ. 5ಕ್ಕಿಂತ ಕಡಿಮೆ, ದೇಶ ಶೇ. 23.9
- 1991–2001: ಜೈನರು ಶೇ. 26, ದೇಶ ಶೇ. 21.5
- 2001–2011: ಜೈನರು ಶೇ. 5.4, ದೇಶ ಶೇ. 17.7

ದೇಶದ ಅಂಕಿ ಮೆಟ್ಟಿಲಿಳಿದಂತೆ ನಿಧಾನವಾಗಿ ಇಳಿದಿದೆ. ಜೈನರ ಅಂಕಿ ಮಾತ್ರ ಉಯ್ಯಾಲೆಯಂತೆ ಆಡಿದೆ. ಒಂದು ದಶಕದಲ್ಲಿ ಮನೆಮನೆಯಲ್ಲಿ ತೊಟ್ಟಿಲು ನಿಂತು, ಮುಂದಿನ ದಶಕದಲ್ಲಿ ಒಮ್ಮೆಗೇ ಮಕ್ಕಳು ಹೆಚ್ಚಿ, ಮತ್ತೆ ಮರುದಶಕದಲ್ಲಿ ಕಡಿಮೆಯಾಗುವುದು ಯಾವ ಸಮಾಜದಲ್ಲೂ ನಡೆಯುವ ಮಾತಲ್ಲ. ಇದಕ್ಕೆ ಕಾರಣ ಬೇರೆ ಇರಲೇಬೇಕು.

ಒಂದು ಸರಳ ಲೆಕ್ಕ

1991ರಲ್ಲಿ ಜೈನರು 33,52,706, 2001ರಲ್ಲಿ 42,25,053. ಹತ್ತು ವರ್ಷದಲ್ಲಿ ಹೆಚ್ಚಿದ್ದು 8.72 ಲಕ್ಷ.

2001ರಲ್ಲಿ ಜೈನರ ಪೈಕಿ 6 ವರ್ಷದೊಳಗಿನ ಮಕ್ಕಳು ಶೇ. 10.6, ಅಂದರೆ ಸುಮಾರು 4.48 ಲಕ್ಷ. ಹುಟ್ಟಿದ ಕೂಸಿನಿಂದ ಆರು ತುಂಬಿದವರವರೆಗೆ ಎಂದರೆ ಏಳು ವರ್ಷಗಳ ಮಕ್ಕಳು. ಇದೇ ಪ್ರಮಾಣದಲ್ಲಿ ಹತ್ತು ವರ್ಷಕ್ಕೆ ಲೆಕ್ಕ ಹಾಕಿದರೆ ಸುಮಾರು 6.4 ಲಕ್ಷ ಮಕ್ಕಳು. ಆ ಹತ್ತು ವರ್ಷದಲ್ಲಿ ಒಬ್ಬ ಜೈನರೂ ತೀರಿಕೊಳ್ಳಲಿಲ್ಲ ಎಂದೇ ಇಟ್ಟುಕೊಂಡರೂ ಹೆಚ್ಚಳ 6.4 ಲಕ್ಷದ ಆಸುಪಾಸಿನಲ್ಲಿ ನಿಲ್ಲಬೇಕಿತ್ತು. ಆದದ್ದು 8.72 ಲಕ್ಷ. ತೀರಿಕೊಂಡವರನ್ನೂ ಕಳೆದರೆ ಅಂತರ ಇನ್ನೂ ದೊಡ್ಡದಾಗುತ್ತದೆ. ಹಾಗಾದರೆ 1991ರಲ್ಲಿ ‘ಜೈನ’ ಎಂದು ಬರೆಸದಿದ್ದ ಲಕ್ಷಾಂತರ ಜನ 2001ರಲ್ಲಿ ಹಾಗೆ ಬರೆಸಿದರು ಎಂದೇ ತಿಳಿಯಬೇಕು. ಗಣತಿಯಲ್ಲಿ ಬಿಟ್ಟುಹೋಗುತ್ತಾರೆ ಎಂಬ ಮಾತಿಗೆ ಇದು ಬಲವಾದ ಆಧಾರ.

ಈಗ ಮುಂದಿನ ದಶಕವನ್ನು ನೋಡೋಣ. 2001ರಿಂದ 2011ರವರೆಗೆ ಹೆಚ್ಚಿದ್ದು 2.27 ಲಕ್ಷ ಮಾತ್ರ. 2011ರಲ್ಲಿ 6 ವರ್ಷದೊಳಗಿನ ಮಕ್ಕಳು ಸುಮಾರು ಶೇ. 9. ಅದೇ ರೀತಿ ಹತ್ತು ವರ್ಷಕ್ಕೆ ಲೆಕ್ಕ ಹಾಕಿದರೆ ಸುಮಾರು 5.7 ಲಕ್ಷ ಮಕ್ಕಳು. ಉಳಿದ 3.4 ಲಕ್ಷ ಆ ಅವಧಿಯಲ್ಲಿ ತೀರಿಕೊಂಡವರದು ಎಂದರೆ ವರ್ಷಕ್ಕೆ ಸಾವಿರಕ್ಕೆ ಎಂಟು ಮಂದಿ. ಆಗ ದೇಶದ ಮರಣದರ ಸಾವಿರಕ್ಕೆ ಏಳರ ಆಸುಪಾಸು ಇತ್ತು. ಮಕ್ಕಳು ಕಡಿಮೆ, ಹಿರಿಯರು ಹೆಚ್ಚು ಇರುವ ಸಮಾಜಕ್ಕೆ ಎಂಟು ಸಹಜ. ಲೆಕ್ಕ ತಾಳೆಯಾಗುತ್ತದೆ. ಆದ್ದರಿಂದ 2001–11ರ ನಿಧಾನಗತಿಗೆ ಗಣತಿದಾರರನ್ನು ದೂರಿ ಪ್ರಯೋಜನವಿಲ್ಲ. ಅದು ಬಹುಪಾಲು ನಿಜವಾದ ಇಳಿಕೆ.

ಮಕ್ಕಳು ಕಡಿಮೆಯಾಗುತ್ತಿರುವುದು

ಎಷ್ಟೋ ಜನ ಬೇರೆ ಧರ್ಮದ ಹೆಸರಿನಲ್ಲಿ ಎಣಿಕೆಯಾಗಿದ್ದಾರೆ ಎಂದೇ ಇಟ್ಟುಕೊಳ್ಳೋಣ. ಆದರೂ ‘ಜೈನ’ ಎಂದು ಬರೆಸಿದವರ ಮನೆಗಳಲ್ಲಿ ಮಕ್ಕಳ ಪಾಲು ಎಷ್ಟು ಎಂಬುದನ್ನು ಅದು ಹೆಚ್ಚು ಬದಲಿಸುವುದಿಲ್ಲ. 2011ರಲ್ಲಿ ದೇಶದ ನೂರು ಜನರಲ್ಲಿ 6 ವರ್ಷದೊಳಗಿನ ಮಕ್ಕಳು ಸುಮಾರು 13.6, ಜೈನರಲ್ಲಿ 9.

ಒಬ್ಬ ಮಹಿಳೆಗೆ ಸರಾಸರಿ ಎಷ್ಟು ಮಕ್ಕಳು ಎಂಬುದನ್ನು ಒಟ್ಟು ಫಲವತ್ತತೆ ದರ ಎನ್ನುತ್ತಾರೆ. ಒಂದು ಸಮಾಜ ಇದ್ದಷ್ಟೇ ಉಳಿಯಬೇಕಾದರೆ ಅದು 2.1 ಇರಬೇಕು. ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಜೈನರ ದರ 2015–16ರಲ್ಲಿ 1.2, 2019–21ರಲ್ಲಿ 1.6. ಇದರಿಂದ ಮಕ್ಕಳು ಹೆಚ್ಚಾದರು ಎಂದು ಹಿಗ್ಗುವಂತಿಲ್ಲ. ಮೊದಲೇ ಹೇಳಿದಂತೆ ಹಿಡಿಗೆ ಸಿಕ್ಕ ಜೈನ ಮನೆಗಳು ಕೆಲವೇ. ಆದರೆ ಈ ಎರಡೂ ಸುತ್ತುಗಳಲ್ಲಿ ದರ 2.1ಕ್ಕಿಂತ ಬಹಳ ಕೆಳಗೇ ಇದೆ.

ಇದು ಎಲ್ಲಿಗೆ ಮುಟ್ಟಬಹುದು ಎಂಬುದಕ್ಕೆ ಪಾರ್ಸಿ ಸಮಾಜ ಕಣ್ಣೆದುರಿನ ಉದಾಹರಣೆ. 2001ರಲ್ಲಿ 69,601 ಇದ್ದ ಪಾರ್ಸಿಗಳು 2011ರಲ್ಲಿ 57,264ಕ್ಕೆ ಇಳಿದರು. ಅವರಿಗಾಗಿ ಕೇಂದ್ರ ಸರ್ಕಾರ 2013ರಲ್ಲಿ ‘ಜಿಯೋ ಪಾರ್ಸಿ’ ಎಂಬ ಯೋಜನೆಯನ್ನೇ ತರಬೇಕಾಯಿತು. ಜೈನರ ಸ್ಥಿತಿ ಅಷ್ಟಕ್ಕೆ ಬಂದಿಲ್ಲ. ಆದರೆ ಹೆಜ್ಜೆ ಅದೇ ದಾರಿಯಲ್ಲಿದೆ.

ಹೆಣ್ಣುಮಕ್ಕಳ ಅಂಕಿ

ಎಲ್ಲಕ್ಕಿಂತ ಹೆಚ್ಚು ಯೋಚಿಸಬೇಕಾದ ಅಂಕಿ ಇದು. 6 ವರ್ಷದೊಳಗಿನ ಸಾವಿರ ಗಂಡುಮಕ್ಕಳಿಗೆ ಎಷ್ಟು ಹೆಣ್ಣುಮಕ್ಕಳು ಎಂಬ ಲೆಕ್ಕದಲ್ಲಿ 2001ರಲ್ಲಿ ಜೈನರಲ್ಲಿ 870 ಇದ್ದರೆ ದೇಶದಲ್ಲಿ 927 ಇತ್ತು. 2011ರಲ್ಲಿ ಜೈನರದು 889ಕ್ಕೆ ಏರಿತು. ದೇಶದ್ದು 918ಕ್ಕೆ ಇಳಿಯಿತು. ದೇಶ ಇಳಿಯುವಾಗ ಜೈನರು ಏರಿದ್ದು ಸಮಾಧಾನದ ಸಂಗತಿ. ಆದರೂ 889 ಎಂಬುದು ದೇಶದ ಸರಾಸರಿಗಿಂತ ಕಡಿಮೆಯೇ.

ಪ್ರಕೃತಿಯ ನಿಯಮದಲ್ಲಿ ಸಾವಿರ ಗಂಡುಮಕ್ಕಳಿಗೆ ಸುಮಾರು 950 ಹೆಣ್ಣುಮಕ್ಕಳು ಹುಟ್ಟುತ್ತಾರೆ. ಉಳಿದ ಅರವತ್ತು ಹೆಣ್ಣುಮಕ್ಕಳು ಎಲ್ಲಿ ಹೋದರು? ಬಡತನ ಕಾರಣವಲ್ಲ, ಅನಕ್ಷರತೆಯೂ ಕಾರಣವಲ್ಲ. ಭ್ರೂಣದ ಲಿಂಗ ಪತ್ತೆಯನ್ನು 1994ರ ಕಾಯ್ದೆ ನಿಷೇಧಿಸಿದೆ. ಇರುವೆಯ ಜೀವಕ್ಕೂ ನೋವಾಗದಂತೆ ನಡೆಯಬೇಕೆಂದು ಸಾರುವ, ಅಹಿಂಸೆಯನ್ನು ಮೊದಲ ವ್ರತವಾಗಿ ಹಿಡಿದ ಸಮಾಜದಲ್ಲಿ ಈ ಅಂಕಿ ಒಂದು ಕಳಂಕ. ಬಸದಿಯ ಪ್ರವಚನಗಳಲ್ಲಿ, ಮಹಿಳಾ ಸಮಾಜಗಳಲ್ಲಿ ಇದರ ಬಗ್ಗೆ ಮುಚ್ಚುಮರೆಯಿಲ್ಲದೆ ಮಾತಾಡಬೇಕು.

ಸಾಕ್ಷರತೆ ಮತ್ತು ದುಡಿಮೆ

ಜೈನರ ಸಾಕ್ಷರತೆ 2001ರಲ್ಲಿ ಶೇ. 94.1, 2011ರಲ್ಲಿ ಶೇ. 94.9. ಪ್ರಮುಖ ಧರ್ಮಗಳವರಲ್ಲಿ ಇದೇ ಹೆಚ್ಚು. ಕೆಲವು ವರದಿಗಳಲ್ಲಿ ಶೇ. 86 ಚಿಲ್ಲರೆ ಎಂದು ಬಂದದ್ದನ್ನು ನೋಡಿ ಗೊಂದಲಪಡಬೇಕಿಲ್ಲ. ಅಲ್ಲಿ ಇನ್ನೂ ಅಕ್ಷರ ಕಲಿಯದ 6 ವರ್ಷದೊಳಗಿನ ಮಕ್ಕಳನ್ನೂ ಸೇರಿಸಿ ಭಾಗಿಸಲಾಗಿದೆ. 7 ವರ್ಷ ಮೇಲ್ಪಟ್ಟವರ ಲೆಕ್ಕವೇ ವಾಡಿಕೆಯದು.

ಇಷ್ಟು ಓದಿದ ಸಮಾಜದಲ್ಲಿ 2001ರಲ್ಲಿ ‘ಕೆಲಸ ಮಾಡುವವರು’ ಎಂದು ದಾಖಲಾದ ಮಹಿಳೆಯರು ಶೇ. 9.2 ಮಾತ್ರ, ದೇಶದ ಸರಾಸರಿ ಶೇ. 25.6. ಇದರಲ್ಲಿ ಒಂದು ಪಾಲು ಬರೆಸುವ ರೀತಿಯದೂ ಇರಬಹುದು. ಸಂಬಳವಿಲ್ಲದಿದ್ದರೂ ಮನೆಯ ಅಂಗಡಿಯಲ್ಲಿ ಲೆಕ್ಕ ಬರೆಯುವುದು, ಸ್ವಂತ ಹೊಲದಲ್ಲಿ ದುಡಿಯುವುದು ಗಣತಿಯ ನಿಯಮದಲ್ಲಿ ಕೆಲಸವೇ. ಗಂಡಸರು ‘ಮನೆಯಲ್ಲೇ ಇರುತ್ತಾರೆ’ ಎಂದು ಹೇಳಿಬಿಟ್ಟರೆ ಆ ದುಡಿಮೆ ಲೆಕ್ಕಕ್ಕೆ ಬರುವುದಿಲ್ಲ.

ಸಂಖ್ಯೆಯಿಂದ ಏನಾಗುತ್ತದೆ

2014ರ ಜನವರಿ 27ರಂದು ಕೇಂದ್ರ ಸರ್ಕಾರ ಜೈನರನ್ನು ರಾಷ್ಟ್ರಮಟ್ಟದಲ್ಲಿ ಆರನೆಯ ಅಲ್ಪಸಂಖ್ಯಾತ ಸಮುದಾಯವೆಂದು ಅಧಿಸೂಚಿಸಿತು. ಅಲ್ಪಸಂಖ್ಯಾತ ವಿದ್ಯಾರ್ಥಿವೇತನಗಳಲ್ಲಿ ಯಾವ ರಾಜ್ಯದ ಯಾವ ಸಮುದಾಯಕ್ಕೆ ಎಷ್ಟು ಎಂಬ ಗುರಿಯನ್ನು ಗಣತಿಯ ಜನಸಂಖ್ಯೆಯ ಮೇಲೆಯೇ ಹಂಚಲಾಗಿದೆ. ಕಾಲಂನಲ್ಲಿ ತಪ್ಪು ಬರೆಸಿದ ಒಂದು ಮನೆಯಿಂದ ಏನೂ ಆಗದು ಎನಿಸಬಹುದು. ಅಂಥ ಸಾವಿರ ಮನೆ ಸೇರಿದರೆ ಯಾವುದೋ ಹಳ್ಳಿಯ ಬಡ ಜೈನ ವಿದ್ಯಾರ್ಥಿಯ ಪಾಲು ಕಡಿಮೆಯಾಗುತ್ತದೆ.

ಮುಂದಿನ ಗಣತಿಯಲ್ಲಿ ಗಮನಿಸಬೇಕಾದದ್ದು

ಮುಂದಿನ ಗಣತಿಯ ಆಧಾರ ದಿನ 2027ರ ಮಾರ್ಚ್ 1. ಹಿಮ ಬೀಳುವ ಪ್ರದೇಶಗಳಿಗೆ ಮಾತ್ರ 2026ರ ಅಕ್ಟೋಬರ್ 1. ಈ ಬಾರಿ ಎಲ್ಲರ ಜಾತಿಯ ವಿವರವೂ ಸೇರುತ್ತದೆ. ಕುಟುಂಬದವರೇ ಆನ್‌ಲೈನ್‌ನಲ್ಲಿ ವಿವರ ತುಂಬುವ ಅವಕಾಶವೂ ಇದೆ. ಕರ್ನಾಟಕದಲ್ಲಿ 2025ರ ಸೆಪ್ಟೆಂಬರ್ 22ರಂದು ಆರಂಭವಾದ ಸಾಮಾಜಿಕ-ಶೈಕ್ಷಣಿಕ ಸಮೀಕ್ಷೆ ರಾಜ್ಯ ಹಿಂದುಳಿದ ವರ್ಗಗಳ ಆಯೋಗದ್ದು. ಅದರಲ್ಲಿ ವಿವರ ಕೊಟ್ಟವರೂ ಜನಗಣತಿಯಲ್ಲಿ ಮತ್ತೆ ಕೊಡಬೇಕು.

1. ಧರ್ಮದ ಪ್ರಶ್ನೆಗೆ ಉತ್ತರ ‘ಜೈನ’. 2011ರ ನಮೂನೆಯಲ್ಲಿ ಧರ್ಮ 7ನೆಯ ಪ್ರಶ್ನೆಯಾಗಿತ್ತು. ಜೈನ ಧರ್ಮಕ್ಕೆ 6 ಎಂಬ ಸಂಕೇತವಿತ್ತು. ದಿಗಂಬರ, ಶ್ವೇತಾಂಬರ ಎಂಬ ಪಂಥದ ಹೆಸರನ್ನಾಗಲಿ, ಚತುರ್ಥ, ಪಂಚಮ, ಬೋಗಾರ, ಓಸ್ವಾಲ ಎಂಬ ಹೆಸರನ್ನಾಗಲಿ ಧರ್ಮದ ಜಾಗದಲ್ಲಿ ಹೇಳಬಾರದು. ಅವು ಜಾತಿಯ ಪ್ರಶ್ನೆ ಬಂದಾಗ ಹೇಳುವ ಮಾತು.
2. ಗಣತಿದಾರರು ಹೆಸರು ನೋಡಿ ಊಹಿಸಿ ಬರೆಯಲು ಬಿಡಬಾರದು. ಪಾಟೀಲ, ಶೆಟ್ಟಿ, ಹೆಗ್ಡೆ, ಬಲ್ಲಾಳ ಎಂಬ ಹೆಸರುಗಳು ಅನೇಕ ಸಮುದಾಯಗಳಲ್ಲಿವೆ. ಮನೆಯ ಪ್ರತಿ ಸದಸ್ಯರ ಸಾಲಿನಲ್ಲೂ ಧರ್ಮ ಸರಿಯಾಗಿ ದಾಖಲಾಗಿದೆಯೇ ಎಂದು ಕೇಳಿ ತಿಳಿಯಬೇಕು.
3. ಮಾತೃಭಾಷೆಯ ಪ್ರಶ್ನೆಯೇ ಬೇರೆ. ಕನ್ನಡ, ತುಳು, ಮರಾಠಿ, ಗುಜರಾತಿ, ಮಾರವಾಡಿ ಯಾವುದೇ ಇರಲಿ, ಮನೆಯಲ್ಲಿ ಇರುವುದನ್ನೇ ಹೇಳಬೇಕು.
4. ಹಾಸ್ಟೆಲಿನಲ್ಲಿ ಓದುವ ಮಕ್ಕಳ ಎಣಿಕೆ ಆಗುವುದು ಹಾಸ್ಟೆಲಿನಲ್ಲೇ. ಅಲ್ಲಿ ಏನು ಹೇಳಬೇಕೆಂದು ಅವರಿಗೆ ಮೊದಲೇ ತಿಳಿಸಬೇಕು. ವಿದೇಶದಲ್ಲಿ ನೆಲೆಸಿದವರು ಈ ಗಣತಿಯಲ್ಲಿ ಬರುವುದಿಲ್ಲ.
5. ಅಂಗಡಿ, ಹೊಲದಲ್ಲಿ ದುಡಿಯುವ ಮಹಿಳೆಯರ ಕೆಲಸವನ್ನು ಕೆಲಸವೆಂದೇ ಬರೆಸಬೇಕು.
6. ಹೇಳಿದ ವಿವರಗಳಿಗೆ 1948ರ ಜನಗಣತಿ ಕಾಯ್ದೆಯ ರಕ್ಷಣೆ ಇದೆ. ಒಬ್ಬರ ವಿವರವನ್ನು ಇನ್ನೊಬ್ಬರಿಗೆ ತೋರಿಸುವಂತಿಲ್ಲ, ನ್ಯಾಯಾಲಯದಲ್ಲಿ ಸಾಕ್ಷಿಯಾಗಿ ಬಳಸುವಂತಿಲ್ಲ. ವ್ಯಾಪಾರಿಗಳು ತೆರಿಗೆಯ ಅಂಜಿಕೆಯಿಂದ ಹಿಂಜರಿಯಬೇಕಾಗಿಲ್ಲ.

ಪ್ರತಿ ಬಸದಿ, ಸ್ಥಾನಕ, ಯುವಕ ಮಂಡಳಿ ತನ್ನ ವ್ಯಾಪ್ತಿಯ ಮನೆಗಳಿಗೆ ಈ ಆರು ಮಾತುಗಳನ್ನು ಮುಟ್ಟಿಸಿದರೆ ಮುಂದಿನ ಅಂಕಿ ನಿಜಕ್ಕೆ ಹತ್ತಿರವಾಗುತ್ತದೆ. ಅದು ಒಂದು ಕೋಟಿ ಆಗದಿರಬಹುದು. ಎಷ್ಟೇ ಬಂದರೂ ಆಗ ಬರಹದ ತಪ್ಪೆಂದು ಹೇಳಲು ಅವಕಾಶವಿರುವುದಿಲ್ಲ. ಉಳಿದ ಕೊರತೆ ಎಷ್ಟೆಂಬುದು ಸಮಾಜಕ್ಕೆ ಸ್ಪಷ್ಟವಾಗಿ ಕಾಣುತ್ತದೆ.