ಅಜ್ಜನ ಸ್ಟೀರಿಯೋಗೆ ಸ್ಪೇರ್ ಎಲ್ಲಿಂದ? (ನಮ್ಮ ಕಡೆ ಹಳೇ ಸಾಮಾನು, ಭಾಗ 6)

ದೋಸ್ತರೆ, ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ ಕಡೆ ಎಷ್ಟೋ ಮನೆಗಳ ಅಟ್ಟದ ಮೇಲೆ ಒಂದು ವಾಲ್ವ್ ರೇಡಿಯೋನೋ, ರೆಕಾರ್ಡ್ ಪ್ಲೇಯರೋ, ಎರಡು ಸ್ಪೀಕರಿನ ಟೇಪ್ ರೆಕಾರ್ಡರೋ ಇನ್ನೂ ಕೂತಿರ್ತದೆ. "ಕೆಟ್ಟೈತಿ, ಸ್ಪೇರ್ ಸಿಗಂಗಿಲ್ಲ" ಅಂತ ಹೇಳಿ ಅದನ್ನ ಗುಜರಿಗೆ ತೂಕಕ್ಕೆ ಹಾಕ್ತಾರೆ. ಆ ಮಾತು ಬಹಳ ಸಲ ಖರೆ ಅಲ್ಲ. ಯಾಕಂತ ತಿಳಿಯಬೇಕಾದ್ರೆ ಸ್ವಲ್ಪ ಹಿಂದಕ್ಕೆ ಹೋಗ್ಬೇಕು 👇

📻 1. ಹಾಡು ಬಂದ ದಾರಿ
ಧಾರವಾಡ ಆಕಾಶವಾಣಿ ಶುರುವಾಗಿದ್ದು 1950ರ ಜನವರಿ 8ಕ್ಕೆ. ವಿವಿಧ ಭಾರತಿ ಬಂದಿದ್ದು 1957ರಲ್ಲಿ. ಆಗ ರೇಡಿಯೋ ಇಟ್ಟುಕೊಳ್ಳೋಕೆ ಲೈಸೆನ್ಸ್ ಬೇಕಿತ್ತು, ಪೋಸ್ಟ್ ಆಫೀಸಿನಲ್ಲಿ ಫೀ ಕಟ್ಟಬೇಕಿತ್ತು. ವಾಲ್ವ್ ಸೆಟ್ಟಿಗೆ ಕರೆಂಟ್ ಬೇಕು, ಇಲ್ಲಾ ದೊಡ್ಡ ಬ್ಯಾಟರಿ ಬೇಕು. ಟ್ರಾನ್ಸಿಸ್ಟರ್‌ಗೆ ಟಾರ್ಚಿನ ಸೆಲ್ ಸಾಕು. ಕರೆಂಟ್ ತಡವಾಗಿ ಬಂದ ಜೋಯಿಡಾದ ಕಾಡಿನ ಹಳ್ಳಿಗಳಿಗೆ ಇದು ಸಣ್ಣ ಮಾತಲ್ಲ.

🏭 2. ಬಿಡಿಭಾಗ ಬೆಂಗಳೂರಲ್ಲೇ ಹುಟ್ತು
ಬೆಂಗಳೂರಿನ ಜಾಲಹಳ್ಳಿಯಲ್ಲಿ 1954ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್, ಅಂದ್ರೆ ಬಿಇಎಲ್, ಶುರುವಾಯ್ತು. ನಾವು ಅದನ್ನ ಸೈನ್ಯದ ರಾಡಾರ್ ಕಂಪನಿ ಅಂತಷ್ಟೇ ಓದಿದ್ದೇವೆ. ಆದ್ರೆ ಅದು 1961ರಲ್ಲಿ ರೇಡಿಯೋ ವಾಲ್ವ್, 1962ರಲ್ಲಿ ಜರ್ಮೇನಿಯಂ ಟ್ರಾನ್ಸಿಸ್ಟರ್ ಮಾಡೋಕೆ ಶುರು ಮಾಡ್ತು. ಸಿಲಿಕಾನ್ ಬಂದಿದ್ದು ಆಮೇಲೆ.

🔢 3. ಹೆಸರಲ್ಲೇ ಗುಟ್ಟು
ಬಿಇಎಲ್ ತನ್ನ ಭಾಗಗಳಿಗೆ ಯುರೋಪಿನ ನಂಬರನ್ನೇ ಇಟ್ಟಿತು. ಎಸಿ 128 ತಗೊಳ್ರಿ. "ಎ" ಅಂದ್ರೆ ಜರ್ಮೇನಿಯಂ, "ಸಿ" ಅಂದ್ರೆ ಕಡಿಮೆ ಪವರಿನ ಆಡಿಯೋ ಕೆಲಸ. "ಬಿಸಿ" ಅಂತ ಶುರುವಾದ್ರೆ ಸಿಲಿಕಾನ್. ಇಎಲ್ 84 ವಾಲ್ವಿನಲ್ಲಿ "ಇ" ಅಂದ್ರೆ 6.3 ವೋಲ್ಟಿನ ಹೀಟರ್, "ಎಲ್" ಅಂದ್ರೆ ಸ್ಪೀಕರ್ ನಡೆಸೋ ಪೆಂಟೋಡ್. ಅದಕ್ಕೇ ಡಬ್ಬಿಯ ಮೇಲಿನ ಕಂಪನಿ ಹೆಸರು ಮುಖ್ಯ ಅಲ್ಲ, ಒಳಗಿನ ನಂಬರ್ ಮುಖ್ಯ. ಫಿಲಿಪ್ಸ್ ಸೆಟ್ಟಿನಲ್ಲಿ ಹೋದ ಎಸಿ 128 ಜಾಗಕ್ಕೆ ಜಾಲಹಳ್ಳಿಯ ಎಸಿ 128 ಕೂರ್ತದೆ.

💸 4. ಈಗ ಯಾಕೆ ತುಟ್ಟಿ?
ಅದೇ ಎಸಿ 128 ಈಗ ಗಿಟಾರ್ ಬಾರಿಸೋರಿಗೆ ಬೇಕಾಗಿದೆ. 1960ರ ದಶಕದ ಫಜ್ ಪೆಡಲ್ ಧ್ವನಿ ಜರ್ಮೇನಿಯಂನಿಂದಲೇ ಬರೋದು ಅಂತ ಹುಡುಕಿ ಕೊಳ್ತಾರೆ. ಹಳೇ ಸ್ಟಾಕ್ ಕರಗ್ತಾ ಇದೆ, ನಕಲಿ ಮಾಲೂ ಬರ್ತದೆ. ಅದರ ಬದಲು ಸಿಲಿಕಾನ್ ಸುಮ್ಮನೆ ಹಾಕಿದ್ರೆ ನಡೆಯಂಗಿಲ್ಲ. ಜರ್ಮೇನಿಯಂ ಸುಮಾರು 0.2–0.3 ವೋಲ್ಟಿಗೆ ಎಚ್ಚರಾಗ್ತದೆ, ಸಿಲಿಕಾನ್‌ಗೆ 0.6–0.7 ಬೇಕು. ರೆಸಿಸ್ಟರ್‌ಗಳನ್ನೂ ಬದಲಿಸಬೇಕಾಗ್ತದೆ.

🔧 5. ಆದ್ರೆ ಕೆಡೋದು ಹೆಚ್ಚಾಗಿ ಅಗ್ಗದ ಭಾಗನೇ
• ಎಲೆಕ್ಟ್ರೋಲಿಟಿಕ್ ಕೆಪ್ಯಾಸಿಟರ್ ಒಳಗೆ ಒಣಗಿರ್ತದೆ, ಗುಂಯ್ ಅಂತ ಸದ್ದು ಬರ್ತದೆ. ಅಷ್ಟೇ ಮೈಕ್ರೋಫ್ಯಾರಡ್ ಇರೋದು ಹಾಕ್ರಿ. ವೋಲ್ಟ್ ಅಷ್ಟೇ ಇರಲಿ, ಇಲ್ಲಾ ಹೆಚ್ಚಿರಲಿ, ಕಡಿಮೆ ಬೇಡ. ಪ್ಲಸ್ ಮೈನಸ್ ತಪ್ಪಿಸಬೇಡ್ರಿ.
• ಟೇಪಿನ ಬೆಲ್ಟ್ ಸಡಿಲಾದ್ರೆ ಹಾಡು ಎಳೀತದೆ. ಪುಲ್ಲಿಗಳ ಸುತ್ತ ದಾರ ಸುತ್ತಿ ಅಳೀರಿ. ಬೆಲ್ಟ್ ಬಿಗಿ ಕೂರಬೇಕು, ಅದಕ್ಕೆ ಆ ಅಳತೆಗಿಂತ ಸ್ವಲ್ಪ ಸಣ್ಣದು ತಗೊಳ್ರಿ.
• ವಾಲ್ಯೂಮ್ ತಿರುವಿದಾಗ ಕರಕರ ಅಂದ್ರೆ ನಮ್ಮ ಮಳೆಗಾಲದ ಥಂಡಿ, ಧೂಳು. ಕಾಂಟ್ಯಾಕ್ಟ್ ಕ್ಲೀನರ್ ಒಮ್ಮೆ ಹೊಡೆದು ನೋಡ್ರಿ.
⚠️ ಪ್ಲಗ್ ಕಿತ್ತ ಮೇಲೂ ವಾಲ್ವ್ ಸೆಟ್ಟಿನ ಕೆಪ್ಯಾಸಿಟರ್ ಜೋರಾಗಿ ಶಾಕ್ ಹೊಡೀತದೆ. ಗೊತ್ತಿದ್ದವರು ಜೊತೆಗಿಲ್ಲದೆ ತೆರೀಬೇಡ್ರಿ.

🛒 6. ಎಲ್ಲಿ ಹುಡುಕೋದು?
ಮೊದಲು ನಿಮ್ಮೂರಿನ ಹಳೇ ರೇಡಿಯೋ ರಿಪೇರಿ ಕಾಕಾನ ಹತ್ರ ಹೋಗ್ರಿ. ಅವರ ಡಬ್ಬಿಯಲ್ಲಿ ಸತ್ತ ಸೆಟ್ಟುಗಳಿಂದ ಬಿಚ್ಚಿದ ಜೀವಂತ ಭಾಗ ಇರ್ತಾವೆ. ಆಮೇಲೆ ಹುಬ್ಬಳ್ಳಿ. ಅಲ್ಲೂ ಇಲ್ಲದಿದ್ರೆ ಬೆಂಗಳೂರಿನ ಎಸ್.ಪಿ. ರೋಡ್, ಅಂದ್ರೆ ಸಾದರ ಪತ್ರಪ್ಪ ರಸ್ತೆ. "ಹಳೇ ಸ್ಟೀರಿಯೋ ಸ್ಪೇರ್" ಅಂತ ಕೇಳಬೇಡ್ರಿ, ನಂಬರ್ ಹೇಳ್ರಿ.

ಯಾವ ನಂಬರಿಗೆ ಯಾವುದು ಹೊಂದ್ತದೆ ಅನ್ನೋದನ್ನ ಆ ಕಾಕಾಗಳು ಬರೆದಿಟ್ಟಿಲ್ಲ, ತಲೆಯಲ್ಲೇ ಇಟ್ಟಾರೆ. ಅಂಗಡಿ ಮುಚ್ಚಿದ ದಿನ ಡಬ್ಬಿ ಗುಜರಿಗೆ ಹೋಗ್ತದೆ, ಅವರಿಗೆ ಗೊತ್ತಿದ್ದದ್ದೂ ಹೋಗ್ತದೆ. ಈ ರಜೆಯಲ್ಲಿ ಒಂದು ನೋಟ್‌ಬುಕ್ ಹಿಡಿದು ಹೋಗಿ ಕೂತು ಕೇಳ್ರಿ, ಬರ್ಕೊಳ್ರಿ.

ಭಾಗ 7: ರೆಕಾರ್ಡ್ ಪ್ಲೇಯರಿನ ಮುಳ್ಳು.

#ದಾಂಡೇಲಿ #ಹಳಿಯಾಳ #ಜೋಯಿಡಾ #ಮುಂಡಗೋಡ #ಹಳೇಸಾಮಾನು